ಹಡಗಿನ ಕಿಟಕಿ ಮಾಡಿದವರು

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಒಂದು ರೂಢಿಯಿದೆ. ಲೋಹ ಕಡೆಯುವ ಲೇತ್ ಮುಂದೆ ನಿಂತು ಬೆವರು ಸುರಿಸುವವನು ಒಬ್ಬ, ಇನ್ಸ್‌ಪೆಕ್ಷನ್ ರಿಪೋರ್ಟಿನಲ್ಲಿ 'ಮಾಡಿದವರು' ಎಂಬ ಜಾಗದಲ್ಲಿ ಹೆಸರು ಹಾಕಿಕೊಳ್ಳುವವನು ಸೂಪರ್‌ವೈಸರ್. ಹನ್ನೊಂದು ವರ್ಷದಿಂದ ಅಲ್ಲಿ ಶಶಿಕುಮಾರ್ ಎಂದು ನನ್ನ ಹೆಸರನ್ನೇ ಬರೆಯುತ್ತ ಬಂದಿದ್ದೇನೆ. ಯಾರೂ ಕೇಳಿದ್ದಿಲ್ಲ, ನನಗೂ ಅದು ಸುಳ್ಳು ಅನ್ನಿಸಿದ್ದಿಲ್ಲ.

ಹೋದ ವರ್ಷ ಒಂದು ಪುಟ್ಟ ಪ್ರವಾಸಿ ಹಡಗಿನ ದುಂಡು ಕಿಟಕಿಗಳಿಗೆ ಕಂಚಿನ ರಿಂಗು ಮಾಡುವ ಕೆಲಸ ಬಂತು. ನಲವತ್ತೇ ಜನ ಹಿಡಿಯುವ ಹಡಗು. ದೊಡ್ಡ ಹಡಗು ಸುಳಿಯದ ಅಳಿವೆಗಳ ಹತ್ತಿರ ನಿಂತು, ಹಳೆಯ ಕೋಟೆ, ಬಸದಿ, ಬಂದರುಗಳನ್ನು ತೋರಿಸುತ್ತದಂತೆ. ಇಪ್ಪತ್ತೆರಡು ರಿಂಗುಗಳನ್ನೂ ಕಡೆದವನು ಗಂಗಪ್ಪ. ಕುಷ್ಟಗಿ ಕಡೆಯವನು, ನಾಗಸಂದ್ರದಲ್ಲಿ ಬಾಡಿಗೆ ಕೋಣೆ, ಮಹಾ ಮೊಂಡ. ಅಳತೆ ಸರಿಯಿದೆ ಎಂದು ನಾನು ಹೇಳಿದ ಮೇಲೂ ಹೆಬ್ಬೆರಳಿನಿಂದ ಸವರಿ, "ಇನ್ನೊಂದೀಟು ಐತ್ರೀ ಸರ" ಎಂದು ಮತ್ತೆ ಲೇತಿಗೆ ಏರಿಸುತ್ತಿದ್ದ. ನಾನು ಬೈದದ್ದಕ್ಕೆ ಲೆಕ್ಕವಿಲ್ಲ.

ಕೆಲಸ ಮುಗಿದ ಮೇಲೆ ಹಡಗಿನವರಿಂದ ಪತ್ರ ಬಂತು. ಕಿಟಕಿ ಮಾಡಿದವರು ಗೋವಾದಿಂದ ಕೊಚ್ಚಿಗೆ ಹೊರಡುವ ಮೊದಲ ಪ್ರಯಾಣಕ್ಕೆ ಅತಿಥಿಯಾಗಿ ಬರಬೇಕಂತೆ. ರಿಪೋರ್ಟು ನೋಡಿ ನನ್ನ ಹೆಸರಿಗೇ ಬರೆದಿದ್ದರು, ಅವರ ತಪ್ಪೇನಿಲ್ಲ. ಒಂದು ಫೋನ್ ಮಾಡಿದ್ದರೆ ಸರಿಹೋಗುತ್ತಿತ್ತು. ಮಾಡಲಿಲ್ಲ. ನನಗೆ ಒಳಗೊಳಗೇ ಖುಷಿಯಾಗಿಬಿಟ್ಟಿತ್ತು.

"ನಮ್ ಶೆಡ್ ಪರವಾಗಿ ಒಬ್ರನ್ನ ಕರ್ದಿದಾರೆ ಕಣಯ್ಯಾ" ಎಂದು ಗಂಗಪ್ಪನಿಗೆ ಹೇಳಿದೆ.

"ಹೋಗಿ ಬರ್ರಿ ಸರ. ನಾ ಸಮುದ್ರಾನ ನೋಡಿಲ್ಲ. ಬಂದು ಹೇಳ್ರಿ" ಎಂದ.

ಹಡಗಿನಲ್ಲಿ ನನ್ನನ್ನು ಮೆರೆಸಿದ್ದೇ ಮೆರೆಸಿದ್ದು. ಮಿರ್ಜಾನ್ ಕೋಟೆ ನೋಡಿ ದೋಣಿಯಲ್ಲಿ ಮರಳಿದ ಸಂಜೆ ಕ್ಯಾಪ್ಟನ್ ಎಲ್ಲರೆದುರು ನನ್ನನ್ನು ಎಬ್ಬಿಸಿ, ಈ ಕಿಟಕಿಗಳೆಲ್ಲ ಇವರ ಕೈಕೆಲಸ ಎಂದರು. ಚಪ್ಪಾಳೆ ಬಿತ್ತು. ನಾಗಲಕ್ಷ್ಮಮ್ಮ ಎಂಬ ಮೈಸೂರಿನ ವಯಸ್ಸಾದ ಹೆಂಗಸು ಬಂದು ನನ್ನ ಅಂಗೈ ಹಿಡಿದುಕೊಂಡು, "ಎಷ್ಟು ಮೆತ್ತಗಿದೆಯಪ್ಪಾ ಕೈ!" ಎಂದರು. ಅವರು ಹೇಳಿದ್ದು ಪ್ರೀತಿಯಿಂದಲೇ. ಆದರೆ ಅವತ್ತು ನನಗೆ ಊಟ ಸೇರಲಿಲ್ಲ.

ಮರಳಿ ಬಂದಾಗ ಗಂಗಪ್ಪ ಕೇಳಿದ್ದು ಒಂದೇ. "ಕಿಟಕ್ಯಾಗಿಂದ ಒಂದ್ ಹನಿ ನೀರರ ಒಳಗ ಬಂತೇನ್ರಿ?"

"ಇಲ್ಲ" ಎಂದೆ. ಅವನ ಮುಖ ಅರಳಿತು. ನಮ್ಮ ಸರ ಕಣ್ಣಾರೆ ನೋಡಿ ಬಂದಾರ ಎಂದು ಶೆಡ್ಡಿಗೆಲ್ಲ ಸಾರಿಕೊಂಡು ಬಂದ. ನಾನು ತಲೆ ತಗ್ಗಿಸಿ ಕೂತಿದ್ದೆ.

ಆರು ತಿಂಗಳು ಆ ಸಂಕಟ ಹೊತ್ತು ತಿರುಗಿದೆ. ಕೊನೆಗೆ ಹಡಗಿನವರಿಗೆ ನಿಜ ಬರೆದೆ. ಒಳ್ಳೆಯ ಜನ, ಬೈಯಲಿಲ್ಲ. ನವೆಂಬರಿನ ಪ್ರಯಾಣಕ್ಕೆ ಗಂಗಪ್ಪನ ಹೆಸರಿಗೆ ಪತ್ರ ಕಳಿಸಿದರು. ಅವನನ್ನು ಪಕ್ಕಕ್ಕೆ ಕರೆದು ಪತ್ರ ಓದಿ ಹೇಳಿದೆ, ನಾನು ಮಾಡಿದ್ದನ್ನೂ ಒಂದೂ ಬಿಡದೆ ಹೇಳಿದೆ.

ಅವನು ಕೈ ಒರೆಸಿಕೊಂಡ. ಸಿಟ್ಟು ಬರುತ್ತದೆಂದು ಕಾದೆ. ಬಂದಿದ್ದರೆ ಚೆನ್ನಾಗಿತ್ತು.

"ಬ್ಯಾಡ್ರಿ ಸರ" ಎಂದ. "ನಾ ಹೋದ್ರ ಮತ್ತ ಯಾಕ ಕರದಾರ ಅಂತ ಹುಡುಗ್ರು ಕೇಳತಾರ. ನೀವು ಸುಳ್ಳ ಹೇಳಿ ಹೋಗಿದ್ರಿ ಅಂತ ಗೊತ್ತಾದ್ರ, ನಾಳಿಗೆ ಇಲ್ಲಿ ನಿಮ್ಮ ಮಾತ ಯಾರ್ ಕೇಳತಾರ? ಸಮುದ್ರ ಎಲ್ಲಿಗೂ ಓಡಿ ಹೋಗಂಗಿಲ್ಲ ಬಿಡ್ರಿ."

ನಾನೇ ಎಲ್ಲರಿಗೂ ಹೇಳ್ತೀನಿ, ನೀನು ಹೋಗು ಎನ್ನಬೇಕಿತ್ತು. ಅಷ್ಟು ಸಣ್ಣ ಮಾತು. ಬಾಯಿಗೆ ಬರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ನನಗೆ ಹಾಯೆನಿಸಿತು.

ನವೆಂಬರಿನಲ್ಲಿ ಹಡಗು ಹೊರಟ ದಿನ ಗಂಗಪ್ಪ ಎಂದಿನಂತೆ ಕೆಲಸಕ್ಕೆ ಬಂದಿದ್ದ. ನಾನು ಅವನ ಲೇತ್ ದಾಟಬೇಕಾಗುತ್ತದೆಂದು ಹಿಂಬಾಗಿಲಿಂದ ಸುತ್ತು ಹಾಕಿ ಟೀ ಕುಡಿಯಲು ಹೋದೆ.