ಡಬಲ್ ಬೇಸ್‌ಗೆ ಒಂದು ದಿನ ರಜೆ

ವಿಜಯದಶಮಿಯ ಬೆಳಿಗ್ಗೆ ಅಪೇಕ್ಷಾ ಹಾಲ್‌ನ ಮೂಲೆಗೆ ಬಂದು ನೋಡಿದರೆ, ಆಳೆತ್ತರದ ಪಿಟೀಲಿನಂಥ ಅವಳ ಡಬಲ್ ಬೇಸ್ ಮದುವೆಯೂಟ ಮುಗಿಸಿದ ಬೀಗರ ಹಾಗೆ ಗೋಡೆಗೊರಗಿತ್ತು. ನಾಲ್ಕೂ ತಂತಿ ಜೋತುಬಿದ್ದಿದ್ದವು. ಅವುಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ಹಣೆಗೆ ಕುಂಕುಮವಿಟ್ಟುಕೊಂಡು ಚಾಪೆಯ ಮೇಲೆ ಬಿದ್ದಿತ್ತು.

"ದೊಡ್ಡಪ್ಪಾ, ಏನ್ ಮಾಡಿದ್ರಿ ಇದಕ್ಕೆ?"

ನಲವತ್ತು ವರ್ಷ ವೀಣೆ ಪಾಠ ಹೇಳಿದ ಶ್ರೀಕಂಠಯ್ಯ ಕಾಫಿ ಲೋಟ ಕೆಳಗಿಟ್ಟರು. "ನಿನ್ನೆ ಆಯುಧಪೂಜೆ ಅಲ್ವೇನೇ? ವರ್ಷವೆಲ್ಲಾ ಬಿಗಿದುಕೊಂಡು ನಿಂತಿರತ್ತೆ, ಪಾಪ. ಒಂದಿನ ರಜಾ ಕೊಟ್ಟೆ."

"ನಿಮ್ಮ ವೀಣೆ ಕುದುರೆ ಅಂಟಿಸಿದ್ದು. ಇದು ತಂತಿಯ ಬಿಗಿಯಿಂದ್ಲೇ ನಿಲ್ಲೋದು!"

ಬೇಸನ್ನು ಮೆಲ್ಲಗೆ ಅಲುಗಿಸಿದಳು. ಅದರ ಹೊಟ್ಟೆಯೊಳಗೆ ಏನೋ ಲೊಟಕ್ಕೆಂದು ಉರುಳಿತು. ಕುದುರೆಯ ಒಂದು ಕಾಲಿನ ಹಿಂದೆ, ವಾದ್ಯದ ಎದೆಗೂ ಬೆನ್ನಿಗೂ ನಡುವೆ ನಿಲ್ಲುವ ಮರದ ಕಡ್ಡಿ ಅದು. ಅದಕ್ಕೂ ಅಂಟಿಲ್ಲ. ಅದು ಬಿದ್ದರೆ ಬೇಸ್ ಬರೀ ಬೀರು.

ಸಂಜೆ ಆರಕ್ಕೆ ಗುಬ್ಬಿಯಲ್ಲಿ ಕಾರ್ಯಕ್ರಮ, ಬೇಸ್ ಹಿಡಿದು ಅವಳು ವೇದಿಕೆ ಹತ್ತುವ ಮೊದಲ ದಿನ. ತಂಡದ ಕೀಬೋರ್ಡಿನವನಾದ ಕಿಟ್ಟುಗೆ ಫೋನ್ ಮಾಡಿದಳು. ಅವನ ದನಿಯಲ್ಲಿ ದುಃಖವೇ ಇರಲಿಲ್ಲ.

"ಬಿಡೇ, ಎಡಗೈಯಲ್ಲಿ ನಾನೇ ಬೇಸ್ ಹೊಡೀತೀನಿ. ಆ ಬೀರೂನ ಟೆಂಪೋಗೆ ಹತ್ತಿಸೋ ಕಾಟಾನೂ ತಪ್ತು, ಇವತ್ತಿಗೂ, ಇನ್ಮೇಲಿಗೂ."

"ಮೂರು ಗಂಟೆಗೆ ಟೆಂಪೋ ತಗೊಂಡು ಬಾ. ಬೀರು ರೆಡಿ ಇರತ್ತೆ" ಎಂದು ಫೋನಿಟ್ಟಳು.

ಸ್ಕೂಟರ್ ನೇರ ಸತ್ಯಮಂಗಲದ ಸೈಕಲ್ ಅಂಗಡಿಗೆ ಹೋಯಿತು. ಅಂಗಡಿಯ ಅಂಜನಮೂರ್ತಿ ಸ್ಪ್ಯಾನರುಗಳ ಮೇಲಿನ ಚೆಂಡುಹೂವು ತೆಗೆಯುತ್ತಿದ್ದ.

"ಒಂದು ಸ್ಪೋಕ್‌ನ ಹಾವಿನ ಥರ ಬಗ್ಗಿಸಿ, ತುದಿ ಚೂಪು ಮಾಡಿಕೊಡಿ."

"ಏನ್ ಚುಚ್ಚಕ್ಕವ್ವಾ?"

"ವಾದ್ಯದ ಹೊಟ್ಟೇಲಿ ಒಂದು ಕಡ್ಡಿ ಬಿದ್ದೋಗಿದೆ."

"ಸಿವನೇ, ಹಬ್ಬದ್ ದಿನ ಆಪ್ರೇಸನ್ನಾ!" ಎಂದವನೇ ದಪ್ಪ ಸ್ಪೋಕೊಂದನ್ನು ಆರಿಸಿ ಬಗ್ಗಿಸಿಕೊಟ್ಟ.

ಮನೆಯಲ್ಲಿ ಬೇಸನ್ನು ಅಲುಗಾಡಿಸಿ, ಬಿದ್ದ ಕಡ್ಡಿಯನ್ನು ಸೀಳಿನಿಂದ ಹೊರಕ್ಕೆ ಉರುಳಿಸಿ, ಬೇಸನ್ನು ಮಲಗಿಸಿದರು. ಅದು ನೆಲಕ್ಕೂರುವ ಬುಡದ ಸರಳನ್ನು ಹೊರಗೆಳೆದು, ಆ ತೂತಿಗೆ ಕಣ್ಣಿಟ್ಟು ಶ್ರೀಕಂಠಯ್ಯ ನೆಲದಲ್ಲಿ ಉದ್ದಕ್ಕೆ ಮಲಗಿದರು. ಅಪೇಕ್ಷಾ ವಾದ್ಯದ ಮೇಲ್ಮೈಯ ಎರಡು ಸೀಳುಗಳಲ್ಲೊಂದರೊಳಗೆ ಮೊಬೈಲಿನ ಬೆಳಕು ಬಿಟ್ಟು, ಸ್ಪೋಕಿನ ಚೂಪು ತುದಿಗೆ ಚುಚ್ಚಿದ ಕಡ್ಡಿಯನ್ನು ಒಳಗಿಳಿಸಿದಳು.

"ಅಬ್ಬಾ, ಒಳಗೆ ಒಂದು ಸಂಸಾರ ಹೂಡಬಹುದು ಕಣೇ."

"ಕಡ್ಡಿ ನೋಡಿ ದೊಡ್ಡಪ್ಪಾ."

"ವಾಲಿದೆ. ಇನ್ನೂ. ಇನ್ನೂ... ಬಿತ್ತು."

ಮೂರು ಸಲ ಬಿತ್ತು. ನಾಲ್ಕನೆಯ ಸಲ ನಿಂತಿತು. ಇಬ್ಬರೂ ಉಸಿರು ಬಿಡಲೂ ಹೆದರಿದರು.

ಆಮೇಲೆ ಕುದುರೆಯ ಸರದಿ. ತಂತಿ ಸಲೀಸಾಗಿ ಜಾರಲೆಂದು ಅದರ ಗೀರುಗಳಿಗೆ ಪೆನ್ಸಿಲ್ ಸೀಸ ತೀಡಿ, ಎರಡು ಸೀಳುಗಳ ನಡುವೆ ನಿಲ್ಲಿಸಿದಳು. ಒಂದೊಂದೇ ತಂತಿಯನ್ನು ಒಂದೊಂದೇ ಸುತ್ತು ಬಿಗಿದಳು. ಬಿಗಿದಂತೆಲ್ಲ ಕುದುರೆಯ ತಲೆ ಮುಂದಕ್ಕೆ ಬಾಗುತ್ತಿತ್ತು. ಎರಡು ಹೆಬ್ಬೆರಳಿಟ್ಟು ಹಿಂದಕ್ಕೊತ್ತಿ ನೆಟ್ಟಗೆ ಮಾಡುತ್ತಿದ್ದಳು. ಕೊನೆಗೆ ಮೀಟಿದಳು. ದನಿ ನೆಗಡಿ ಹಿಡಿದ ಹಾಗಿತ್ತು. ಗಂಟೆ ಎರಡೂವರೆ.

ಶ್ರೀಕಂಠಯ್ಯ ಬೇಸಿನ ಬೆನ್ನಿಗೆ ಅಂಗೈಯಿಟ್ಟು ಕಣ್ಣು ಮುಚ್ಚಿದರು. "ಮತ್ತೆ ಮೀಟು... ಕಡ್ಡಿ ಕುದುರೆಗೆ ತೀರಾ ಹತ್ತಿರ ಇದೆ. ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ತಳ್ಳು."

ತಂತಿಗಳನ್ನು ತುಸುವೇ ಸಡಿಲಿಸಿ, ಸೀಳಿನೊಳಗೆ ಸ್ಪೋಕ್ ಇಳಿಸಿ ಕಡ್ಡಿಯನ್ನು ಮೆಲ್ಲಗೆ ತಟ್ಟಿ, ಮತ್ತೆ ಬಿಗಿದು ಮೀಟಿದಳು. ಅಡುಗೆಮನೆಯ ತಟ್ಟೆಗಳು ಜುಂ ಎಂದವು.

"ರಜಾ ಮುಗೀತು" ಎಂದರು ಶ್ರೀಕಂಠಯ್ಯ. ತಪ್ಪಾಯಿತೆನ್ನಲಿಲ್ಲ. ಟೆಂಪೋದಲ್ಲಿ ಗುಬ್ಬಿಯವರೆಗೂ ಬೇಸನ್ನು ತಬ್ಬಿಕೊಂಡು ಕೂತರು.

ಮೊದಲ ಹಾಡಿನ ಎರಡನೇ ಸಾಲಿಗೆ ಕಿಟ್ಟು ಕೀಬೋರ್ಡಿನಿಂದ ಎಡಗೈ ತೆಗೆದು ಮಡಿಲಲ್ಲಿಟ್ಟುಕೊಂಡ. ಹಾಡು ಮುಗಿದಾಗ ಸಭೆಯ ಮುಂದಿನ ಸಾಲಿನಲ್ಲಿ ಕೂತಿದ್ದ ಶ್ರೀಕಂಠಯ್ಯ ಅಂಗೈಯನ್ನು ಮುಂದಕ್ಕೆ ಬಾಗಿಸಿ ತೋರಿಸಿದರು. ಅಪೇಕ್ಷಾ ಬಗ್ಗಿ, ಹೆಬ್ಬೆರಳುಗಳಿಂದ ಕುದುರೆಯನ್ನು ನೆಟ್ಟಗೆ ಮಾಡಿದಳು. ಹುಡುಗಿ ವಾದ್ಯಕ್ಕೆ ನಮಸ್ಕಾರ ಮಾಡುತ್ತಿದ್ದಾಳೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಹೆಬ್ಬೆರಳ ತುಂಬ ಕುಂಕುಮ. ಜೀನ್ಸಿಗೆ ಒರೆಸಿಕೊಂಡು ಎರಡನೇ ಹಾಡು ಶುರುಮಾಡಿದಳು.