ದಸ್ತಿ ಹಾಕಿದ ಸೀಟು

ಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬೆಳಗಿನ ಬಸ್ಸನ್ನು ಜನ ರೈಲು ಎಂದೇ ಕರೆಯುತ್ತಿದ್ದರು. ಪ್ರತಿ ಚುನಾವಣೆಯಲ್ಲೂ ರೈಲು ತರುತ್ತೇವೆಂದು ಭಾಷಣವಾಗುತ್ತಿತ್ತು. ಬಂದದ್ದು ಮಾತ್ರ ಈ ಕೆಂಪು ಬಸ್ಸು. ಹಳ್ಳಿಗೊಮ್ಮೆ ನಿಂತು, ಮಾಸ್ತರರು, ಗುಮಾಸ್ತರು, ಹಾಲಿನ ಕ್ಯಾನು, ಕಾಯಿಪಲ್ಲೆಯ ಬುಟ್ಟಿ ಎಲ್ಲವನ್ನೂ ತುಂಬಿಕೊಂಡು ಅದು ಏದುತ್ತ ಸಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಆ ಭಾಗದ ನೌಕರದಾರರಿಗೆ ಅದನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಈ ರೈಲಿಗೆ ಸರಕಾರ ಮಾಡದ ಒಂದು ಕಾನೂನಿತ್ತು. ಬಸ್ಸು ಬಂದು ನಿಲ್ಲುವುದೇ ತಡ, ಕಿಟಕಿಯೊಳಗಿಂದ ಸೀಟಿನ ಮೇಲೆ ದಸ್ತಿ ಎನ್ನುವ ಕೈವಸ್ತ್ರವನ್ನೋ ಟವೆಲನ್ನೋ ಎಸೆಯಬೇಕು. ಎಸೆದವನದೇ ಸೀಟು. ಮುಂದಿನ ಊರಿನಲ್ಲಿ ಹತ್ತುವ ಗೆಳೆಯನಿಗಾಗಿಯೂ ಹೀಗೆ ಹಿಡಿಯಬಹುದಿತ್ತು. ಹಾಕಿದ ದಸ್ತಿಗೆ ಬೇರೆಯವರು ಕೈ ಹಚ್ಚಿದರೆ ದೊಡ್ಡ ಜಗಳವೇ ಆಗುತ್ತಿತ್ತು. ಹಾಗೆಂದು ತಮ್ಮ ಪೈಕಿಯ ಹೆಂಗಸು, ಮುದುಕರು ಬಂದರೆ ದಸ್ತಿ ತಾನಾಗಿಯೇ ಮಡಚಿ ಜೇಬಿಗೆ ಹೋಗುತ್ತಿತ್ತು. ಕಾನೂನೆಂಬುದು ಯಾವಾಗಲೂ ಹಾಗೇ ಅಲ್ಲವೇ, ಯಾರಿಗೆ ಎಂದು ನೋಡಿ ನಡೆಯುತ್ತದೆ.

ಮಹಾರುದ್ರಪ್ಪನಿಗೆ ಹುಮನಾಬಾದಿನಲ್ಲಿ ಬಟ್ಟೆ ಅಂಗಡಿ. ಕೆಟ್ಟ ಮನುಷ್ಯನಲ್ಲ. ಬೇಸಿಗೆಯಲ್ಲಿ ಅಂಗಡಿ ಮುಂದೆ ನೀರಿನ ಅರವಟಿಗೆ ಇಡುತ್ತಿದ್ದ, ಮಠದಲ್ಲಿ ಪ್ರವಚನವಿದ್ದರೆ ಮುಂದಿನ ಸಾಲಿನಲ್ಲೇ ಕೂತು ಕೇಳುತ್ತಿದ್ದ. ಮೇಲು ಕೀಳಿಲ್ಲ ಎಂದು ಸ್ವಾಮಿಗಳು ಹೇಳಿದಾಗ ಹೌದು ಹೌದು ಎಂದು ತಲೆದೂಗುತ್ತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಅಂದು ಅವನು ಕಿಟಕಿಯ ಕಡೆ ಕೂತು, ಪಕ್ಕದ ಸೀಟಿನ ಮೇಲೆ ಗೆಳೆಯ ಬಸವಣಪ್ಪನಿಗಾಗಿ ದಸ್ತಿ ಹಾಸಿದ್ದ. ಬಸವಣಪ್ಪ ಹತ್ತುವುದು ಮುಂದೆ ಹೆದ್ದಾರಿಯಲ್ಲಿರುವ ಬಂಗ್ಲಾ ಎಂಬ ಸ್ಟಾಪಿನಲ್ಲಿ. ಬಸ್ಸು ಇನ್ನೇನು ಹೊರಡುವಷ್ಟರಲ್ಲಿ ಮೋರಖಂಡಿಯ ಶೇವಂತಾಬಾಯಿ ತನ್ನ ಸೊಸೆ ಕಮಳಾಬಾಯಿಯನ್ನು ರಟ್ಟೆ ಹಿಡಿದು ಹತ್ತಿಸಿಕೊಂಡು ಬಂದಳು. ಕಮಳಾಬಾಯಿ ಹುಮನಾಬಾದಿನ ಒಂದು ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಅವಳಿಗೆ ಏಳು ತಿಂಗಳು ತುಂಬಿತ್ತು. ಆ ಮನೆಯವರು ಬೌದ್ಧರಾಗಿ ವರ್ಷಗಳೇ ಕಳೆದಿದ್ದರೂ ಊರವರ ಲೆಕ್ಕದಲ್ಲಿ ಅವರು ಇನ್ನೂ ಕೇರಿಯವರೇ ಆಗಿದ್ದರು. ಮುಂದಿನ ಹೆಂಗಸರ ಸೀಟುಗಳು ಕೂಸು ಕುನ್ನಿಗಳಿಂದ ತುಂಬಿದ್ದವು. ಖಾಲಿ ಇದ್ದದ್ದು ದಸ್ತಿ ಹಾಕಿದ ಈ ಸೀಟೊಂದೇ.

“ಸಾವಕಾರ್ರ, ಇಲ್ಲಿ ಜರಾ ನಮ್ಮ ಸೊಸಿ ಕುಂಡ್ರತಾಳ್ರಿ.”

“ದಸ್ತಿ ಕಾಣಂಗಿಲ್ಲೇನು? ಬಂಗ್ಲಾದಾಗ ಬಸವಣಪ್ಪ ಹತ್ತತಾನ.”

“ಅವ್ರು ಬರೋತನಕರಿ. ಬಂದ ಕೂಡ್ಲೇ ನಾನೇ ಎಬ್ಬಸ್ತೀನಿ. ಇದಕ್ಕ ಮೊದ್ಲ ಎರಡು ಸಲ ಬಸಿರು ಇಳದು ಹೋಗ್ಯಾದ್ರಿ. ಈ ಸಲ ಹುಷಾರಿರು, ಧಕ್ಕಿ ಹತ್ತಬಾರದು ಅಂದಾರ ಡಾಕ್ಟರಬಾಯಿ.”

“ಅಷ್ಟ ತಕಲೀಫಿದ್ರ ಮನ್ಯಾಗ ಇಟ್ಗೋಬೇಕು. ಇಂಥ ಗದ್ದಲದಾಗ ಯಾಕ ಕರಕೊಂಡು ಬರಾಕತ್ತಿ?”

ಕಮಳಾಬಾಯಿಯೇ ಮೆಲ್ಲಗೆ ಹೇಳಿದಳು: “ರಜಾ ಮುಂದಿನ ವಾರದಿಂದ ಕೊಟ್ಟಾರ್ರಿ ಕಾಕಾ. ಈಗೇ ಬಿಟ್ರ ಬ್ಯಾರೆಯವ್ರನ್ನ ತಗೋತಾರ.”

ಕಂಡಕ್ಟರ್ ಮಕ್ಬೂಲ್ ಜನರ ನಡುವೆ ನುಸುಳಿಕೊಂಡು ಬಂದ. “ಬಂಗ್ಲಾತನಕ ಕುಂಡ್ರಲಿ ಬಿಡ್ರಿ ಸಾವಕಾರ್ರ. ಎರಡು ಜೀವದಾಕಿ.”

“ನಿನ್ನ ಕೆಲ್ಸ ಟಿಕೀಟ್ ಹರಿಯೋದು. ಅದಷ್ಟ ನೋಡ್ಕೋ,” ಎಂದ ಮಹಾರುದ್ರಪ್ಪ. ಸುತ್ತಲಿದ್ದವರು ಕಿಟಕಿಯಾಚೆ ನೋಡತೊಡಗಿದರು. ಕಮಳಾಬಾಯಿ ಮೇಲಿನ ಕಂಬಿ ಹಿಡಿದು ನಿಂತಳು.

ಬಂಗ್ಲಾ ಬಂತು. ಬಸವಣಪ್ಪ ಇರಲಿಲ್ಲ. ರಸ್ತೆಯ ಪಕ್ಕದಲ್ಲೇ ಅವನ ಹೊಲ. ಕೆಲವೊಮ್ಮೆ ಅಲ್ಲಿಂದಲೇ ಕೈ ಮಾಡಿ ಹತ್ತುವುದುಂಟು. ಹೊಲವೂ ಹಿಂದೆ ಸರಿಯಿತು. ಇನ್ನು ಅವನು ಬರುವುದಿಲ್ಲವೆಂದು ಮಹಾರುದ್ರಪ್ಪನಿಗೆ ಗೊತ್ತಾಯಿತು. ದಸ್ತಿ ತೆಗೆದರೆ ಆಕೆ ಪಕ್ಕದಲ್ಲಿ ಕೂಡುತ್ತಾಳೆ, ಮೈಗೆ ಮೈ ತಾಗುತ್ತದೆ, ನಾಳೆ ಇಡೀ ಬಸ್ಸು ಆಡಿಕೊಳ್ಳುತ್ತದೆ. ಅವನು ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಕೂತ. ಶೇವಂತಾಬಾಯಿ ಮತ್ತೆ ಕೇಳಲಿಲ್ಲ.

ರಾಜೇಶ್ವರ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಕಮಳಾಬಾಯಿಯ ಕೈ ಕಂಬಿಯಿಂದ ಜಾರಿ, ಹೊಟ್ಟೆ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಿತು. ಅವಳು ಅಲ್ಲೇ ಕುಸಿದಳು. ಸೀರೆ ಒದ್ದೆಯಾದದ್ದನ್ನು ಕಂಡು ಶೇವಂತಾಬಾಯಿ ಬೋರಾಡಿ ಅಳತೊಡಗಿದಳು.

ಆಗ ಎಲ್ಲರೂ ಎದ್ದರು. ಹಿಂದಿನ ಉದ್ದ ಸೀಟನ್ನು ಪೂರ್ತಿ ಖಾಲಿ ಮಾಡಿ ಅವಳನ್ನು ಮಲಗಿಸಿದರು. ಬಸ್ಸು ಎಲ್ಲಿಯೂ ನಿಲ್ಲದೆ ನೇರವಾಗಿ ಹುಮನಾಬಾದಿನ ದವಾಖಾನೆಯ ಬಾಗಿಲಿಗೆ ಹೋಯಿತು.

ಮರುದಿನ ಬಂಗ್ಲಾದಲ್ಲಿ ಹತ್ತಿದ ಬಸವಣಪ್ಪ, ಹಿಡಿದಿಟ್ಟ ಸೀಟಿನಲ್ಲಿ ಕೂತು ತೊಡೆ ತಟ್ಟಿ ನಕ್ಕ. “ಮೊನ್ನೆ ರಾತ್ರಿ ಬೀಗರು ಬಂದಿದ್ರೋ ಮಾರಾಯ. ಹೋಳಿಗಿ ಉಂಡು ಮಲಗಿದವಗ ನಿನ್ನೆ ಮುಂಜಾನೆ ಎಚ್ಚರಾನೇ ಆಗ್ಲಿಲ್ಲ. ನನ್ನ ಜಾಗಾ ಹಾಳಾತೇನು?”

ಮಹಾರುದ್ರಪ್ಪ ದಸ್ತಿ ಮಡಚಿ ಜೇಬಿಗಿಟ್ಟ.

ಆ ಸಂಜೆ ಊಟಕ್ಕೆ ಬಡಿಸುತ್ತ ಹೆಂಡತಿ ಕಸ್ತೂರಿಬಾಯಿ ಕೇಳಿದಳು: “ಮೋರಖಂಡಿ ಹುಡುಗಿಗೆ ಬಸ್ಸಿನ್ಯಾಗ ಹಂಗಾತಂತಲ್ಲ. ಕೂಸು ಉಳಿಲಿಲ್ಲಂತ. ಇನ್ನ ಮುಂದ ಮಕ್ಕಳಾಗಂಗಿಲ್ಲ ಅಂದಾರಂತ. ನೀವು ಅದೇ ಬಸ್ಸಿನ್ಯಾಗ ಇದ್ರಿ ಹೌದಲ್ರಿ? ಯಾರೂ ಜಾಗಾ ಕೊಡ್ಲಿಲ್ಲೇನು?”

“ಜಾಗಾ ಇರ್ಲಿಲ್ಲ,” ಎಂದ.

ಸುಳ್ಳು ನಾಲಿಗೆಯಿಂದ ಸಲೀಸಾಗಿಯೇ ಬಂತು. ಎತ್ತಿದ ತುತ್ತನ್ನು ಮಾತ್ರ ತಾಟಿಗೇ ಇಟ್ಟ. ಕೈ ತೊಳೆದು ಎದ್ದುಬಿಟ್ಟ. ಕಸ್ತೂರಿಬಾಯಿ ಅರ್ಧ ಉಳಿದ ರೊಟ್ಟಿಯನ್ನು ನೋಡಿದಳು, ಗಂಡನ ಮುಖ ನೋಡಿದಳು, ತಾಟು ಎತ್ತಿಕೊಂಡು ಒಳಗೆ ಹೋದಳು. ಅವಳು ಬೈದಿದ್ದರೇ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು.

ಹಬ್ಬವೊಂದು ಕಳೆದು, ಜೋಳದ ರಾಶಿಯೂ ಮುಗಿದ ಮೇಲೆ ಕಮಳಾಬಾಯಿ ಮತ್ತೆ ಬಸ್ಸಿಗೆ ಬಂದಳು. ಒಬ್ಬಳೇ ಬಂದಿದ್ದಳು. ಮೈ ಇಳಿದುಹೋಗಿತ್ತು. ಕುಪ್ಪಸ ಸಡಿಲವಾಗಿ ಭುಜದಿಂದ ಜಾರುತ್ತಿತ್ತು. ಅವಳನ್ನು ಕಂಡ ಕೂಡಲೇ ಮಹಾರುದ್ರಪ್ಪ ಪಕ್ಕದ ದಸ್ತಿ ತೆಗೆದು ಎದ್ದು ನಿಂತ.

“ಬಾ ಯವ್ವಾ, ಕುಂಡ್ರು.”

ಅವಳು ಸೀಟನ್ನೇ ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಬ್ಯಾಡ್ರಿ ಕಾಕಾ. ಈಗ ನಾ ಒಬ್ಬಾಕಿನೇ ಅದೀನಿ. ನಿಂದ್ರಾಕ ಆಗ್ತದ.”

ಅವನೂ ಕೂಡಲಿಲ್ಲ, ಬೇರೆಯವರನ್ನೂ ಕೂಡಗೊಡಲಿಲ್ಲ. ಆ ಎರಡೂ ಸೀಟು ಖಾಲಿಯಾಗಿಯೇ ಉಳಿದು, ಬಸ್ಸು ಬಂಗ್ಲಾಕ್ಕೆ ಬಂತು. ಬಸವಣಪ್ಪ ಹತ್ತಿದವನೇ ಅತ್ತ ನುಗ್ಗಿದ. ಮಹಾರುದ್ರಪ್ಪ ಕೈ ಅಡ್ಡ ಹಿಡಿದ.

“ಅದು ಕಮಳಾಬಾಯಿಯವ್ರ ಜಾಗಾ.”

“ಯಾವ ಕಮಳಾಬಾಯಿ? ಆಕಿ ನಿಂತಾಳಲ್ಲ. ತಲಿ ಕೆಟ್ಟದೇನು ನಿನಗ?”

“ನಿನಗ ಇನ್ನ ನಾ ಜಾಗಾ ಹಿಡಿಯಂಗಿಲ್ಲ, ಬಸವಣಪ್ಪ. ಸಿಟ್ಟಾಗಬ್ಯಾಡ.”

ಬಸವಣಪ್ಪ ಗೊಣಗುತ್ತ ಹಿಂದಕ್ಕೆ ಹೋದ. ಬಸ್ಸು ಮತ್ತೆ ಹೊರಟಾಗ ಮಹಾರುದ್ರಪ್ಪ ಜೋಲಿ ತಪ್ಪಿ ಮುಗ್ಗರಿಸಿ ಕಂಬಿಗೆ ಜೋತುಬಿದ್ದ. ಕಮಳಾಬಾಯಿ ಅವನತ್ತ ತಿರುಗಿದಳು.

“ನೀವರ ಕುಂಡ್ರಿ ಕಾಕಾ. ಬಿದ್ದೀರಿ.”

“ನೀ ಕುಂತ್ರ ಕುಂಡ್ರತೀನಿ.”

ಅವಳು ಕಿಟಕಿಯ ಕಡೆ ಸರಿದು ಕೂತಳು. ಅವನು ಪಕ್ಕದಲ್ಲಿ ಕೂತ. ಬಸ್ಸು ಕುಲುಕಿದಾಗಲೆಲ್ಲ ಭುಜಕ್ಕೆ ಭುಜ ತಾಗುತ್ತಿತ್ತು, ಅವನು ಸರಿದುಕೊಳ್ಳಲಿಲ್ಲ. ರಾಜೇಶ್ವರ ದಾಟಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿದಳು:

“ಇಷ್ಟ ಜಾಗಾ ಸಾಕಿತ್ತರಿ ಕಾಕಾ, ಅವತ್ತು.”