ಗೆರೆಯಿಲ್ಲದ ಹೆಬ್ಬೆಟ್ಟು

“ಏ ಹಲ್ಕಾ ಮುಂಡೆ, ಆ ಕೈಯಲ್ಲಿ ಪೆಟ್ಟಿಗೆ ಮುಟ್ತೀಯೇನೇ? ಕಕ್ಕಸು ತೊಳೆದ ಕೈ!”

ಮೇಸ್ತ್ರಿಯ ದನಿಗೆ ಪುಕ್ಕಲಿಯ ಕೈಲಿದ್ದ ಬಟ್ಟೆ ನೆಲಕ್ಕೆ ಬಿತ್ತು. ಸೊಂಟದಲ್ಲಿ ಕಕ್ಕಸಿನ ಕೀಲಿಗೊಂಚಲು ಗಿಲಗಿಲ ಅಂದಿತು. ಹತ್ತು ನಿಮಿಷದ ಹಿಂದೆ ಮೇಜು ಒರೆಸು ಎಂದಿದ್ದವನೂ ಅವನೇ. ಹಾಗೆಂದು ಬಾಯಿಬಿಟ್ಟು ಹೇಳುವ ಧೈರ್ಯ ಇದ್ದಿದ್ದರೆ ಅವಳಿಗೆ ಪುಕ್ಕಲಿ ಅನ್ನುವ ಹೆಸರು ಯಾಕೆ ಬರುತ್ತಿತ್ತು? ಬಸ್ ನಿಲ್ದಾಣ ಗುಡಿಸುವ ಹನ್ನೊಂದು ಹೆಂಗಸರಲ್ಲಿ ಮೇಸ್ತ್ರಿಯ ಬೂಟಿನ ಸದ್ದಿಗೇ ಬೆವರುವವಳು ಅವಳು.

“ಇರಲಿ ಬಿಡಿ ಸರ್,” ಎಂದಳು ನಗರಸಭೆಯಿಂದ ಬಂದು ಮೇಜಿನ ಹಿಂದೆ ಕೂತಿದ್ದ ಹುಡುಗಿ. “ಪೆಟ್ಟಿಗೆ ಇಲ್ಲಿಗೆ ತಂದಿರೋದೇ ಎಲ್ಲರೂ ಮುಟ್ಟಲಿ ಅಂತ. ಅಕ್ಕಾ, ನೀವೂ ಒತ್ತಬೇಕು, ಮರೀಬೇಡಿ.”

ನಗರಸಭೆಯ ಅನುದಾನ ಯಾವ ಕೆಲಸಕ್ಕೆ ಹೋಗಬೇಕೆಂದು ಜನರೇ ಆರಿಸುವ ಮತದಾನ ಅದು. ಮೊದಲೆಲ್ಲ ನಗರಸಭೆಯ ಮೇಲ್ಮಹಡಿಯಲ್ಲಿ ನಡೆಯುತ್ತಿತ್ತು. ಆ ಮೆಟ್ಟಿಲು ಹತ್ತುವವರು ಯಾರೆಂದು ಕೇಳಬೇಕಾಗಿರಲಿಲ್ಲ. ಈ ಸಲ ಪೆಟ್ಟಿಗೆಯೇ ಕೆಳಗಿಳಿದು ಮಾರುಕಟ್ಟೆಗೆ, ಆಸ್ಪತ್ರೆಗೆ, ಬಸ್ ನಿಲ್ದಾಣಕ್ಕೆ ಬಂದಿತ್ತು. ಓದು ಬಾರದವರಿಗೂ ತಿಳಿಯಲೆಂದು ಚೀಟಿಯಲ್ಲಿ ಎರಡು ಚಿತ್ರ. ಒಂದು, ನಿಲ್ದಾಣದ ಮುಂದೆ ಕಾರಂಜಿ. ಇನ್ನೊಂದು, ನಿಲ್ದಾಣದ ಹಿಂದೆ ಗುಡಿಸುವ ಹೆಂಗಸರಿಗೆ ಒಂದು ಕೋಣೆ, ಒಂದು ನಲ್ಲಿ. ಬೇಕಾದ ಚಿತ್ರದ ಮೇಲೆ ಶಾಯಿಯ ಹೆಬ್ಬೆಟ್ಟು ಒತ್ತಿ, ಮಡಿಚಿ ಹಾಕಬೇಕು.

ಕೋಣೆ ಬೇಕೆಂದು ಯಾರ ಕೈಲೋ ಅರ್ಜಿ ಬರೆಸಿ ಹಾಕಿದ್ದವಳು ಅವರಲ್ಲೇ ಹಿರಿಯಳಾದ ಅಜ್ಜಿ. ಅವರೆಲ್ಲ ಬಟ್ಟೆ ಬದಲಿಸುತ್ತಿದ್ದದ್ದು ಕೆಟ್ಟು ನಿಂತ ಒಂದು ಬಸ್ಸಿನ ಮರೆಯಲ್ಲಿ. ಕಳೆದ ತಿಂಗಳು ಅದು ರಿಪೇರಿಯಾಗಿ, ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟೇಹೋಯಿತು, ಒಳಲಂಗದಲ್ಲಿದ್ದ ಇಬ್ಬರನ್ನು ಪ್ರಯಾಣಿಕರ ಎದುರು ಬಯಲಲ್ಲಿ ಬಿಟ್ಟು. ಆ ಇಬ್ಬರಲ್ಲಿ ಪುಕ್ಕಲಿ ಒಬ್ಬಳು.

ಮಧ್ಯಾಹ್ನ ಮೇಸ್ತ್ರಿ ಹನ್ನೊಂದೂ ಜನರನ್ನು ಕಕ್ಕಸಿನ ಹಿಂಗೋಡೆಗೆ ಸಾಲಾಗಿ ನಿಲ್ಲಿಸಿದ. ಕಾರಂಜಿಯ ಗುತ್ತಿಗೆ ಅವನ ಭಾವಮೈದನಿಗೆ ಎಂಬುದು ನಿಲ್ದಾಣದ ನಾಯಿಗೂ ಗೊತ್ತಿತ್ತು.

“ಎಲ್ಲರೂ ಕಾರಂಜಿಗೆ ಒತ್ತಬೇಕು. ಇವನಿಗೇನು ಗೊತ್ತಾಗತ್ತೆ ಅಂದ್ಕೋಬೇಡಿ. ಒಬ್ಬರ ಹೆಬ್ಬೆಟ್ಟು ಇನ್ನೊಬ್ಬರಿಗಿರಲ್ಲ. ನಾಲ್ಕು ಗಂಟೆಗೆ ಆ ಮೇಜಿನ ಮೇಲೇ ಬಿಚ್ಚಿ ಎಣಿಸ್ತಾರೆ. ಒಂದೊಂದೂ ಫೋಟೋ ಹೊಡ್ಕೊಂಡು ಯಾರದ್ದು ಅಂತ ಕಂಡುಹಿಡೀತೀನಿ.”

“ಕುಡಿಯೋಕೆ ನೀರಿಲ್ಲ, ಕುಣಿಯೋಕೆ ನೀರಂತೆ,” ಅಜ್ಜಿ ಗೊಣಗಿದಳು.

“ಏನಂದೆ ಮುದುಕಿ?”

“ಕಾರಂಜಿ ಚೆಂದ ಅಂದೆ, ಸ್ವಾಮಿ.”

ಯಾರೋ ಕಿಸಕ್ಕೆಂದರು. ಮೇಸ್ತ್ರಿ ನೆಟ್ಟಗೆ ಪುಕ್ಕಲಿಯ ಮುಂದೆ ಬಂದು ನಿಂತ.

“ನಿನ್ನ ನಾದಿನಿ ಕೈಗವಸು ಬೇಕು ಅಂತ ಕುಣಿದಿದ್ಲಲ್ಲ, ಈಗ ಎಲ್ಲಿದ್ದಾಳೆ?”

“ಮ... ಮನೇಲಿ, ಸ್ವಾಮಿ.”

“ದಿನಾ ಬೆಳಿಗ್ಗೆ ನೀನು ಒತ್ತಿದ್ರೆ ಹಾಜರಿ ಮಿಷನ್‌ನಲ್ಲಿ ಕೆಂಪು ದೀಪ. ಆಮೇಲೆ ಕೈಯಲ್ಲಿ ಹಾಜರಿ ಬರೆಯೋದು ಯಾರು?”

“ನೀವೇ, ಸ್ವಾಮಿ.”

“ನೆನಪಿರಲಿ.”

ಗುರುತು ಸಿಗಲಿಲ್ಲ ಎನ್ನುವ ಆ ಕೆಂಪು ದೀಪ ಎಲ್ಲರಿಗೂ ಬರುತ್ತಿತ್ತು. ಕೊಳಕು ಕೈ, ಉಜ್ಜಿ ತೊಳೀರಿ ಅಂತ ಮೇಸ್ತ್ರಿ ಬೈಯುತ್ತಿದ್ದ. ಅವರೂ ಉಜ್ಜುತ್ತಲೇ ಬಂದಿದ್ದರು. ಕಕ್ಕಸಿನ ಕಲೆ ಹೋಗುವಾಗ ಕೈಯ ಕೊಳೆ ಹೋಗದೇ ಎಂದು ಕೆಲವೊಮ್ಮೆ ಅದೇ ಆಸಿಡ್ಡನ್ನು ನೀರಿಗೆ ಬೆರೆಸಿ.

ಮೂರು ಗಂಟೆಗೆ ಪುಕ್ಕಲಿ ಮೇಜಿನ ಬಳಿ ಬಂದಳು. ಕಾರಂಜಿಗೇ ಒತ್ತುವುದೆಂದು ಗಟ್ಟಿ ಮಾಡಿಕೊಂಡಿದ್ದಳು. ನಾದಿನಿಯ ಕೆಲಸ ಹೋದ ಮೇಲೆ ಮನೆಯಲ್ಲಿ ದುಡಿಯುವ ಕೈ ಇವಳದ್ದೊಂದೇ.

“ಹೀಗೆ ಅಕ್ಕಾ, ಮೆತ್ತಗೆ,” ಎಂದು ಹುಡುಗಿ ರದ್ದಿ ಕಾಗದದ ಮೇಲೆ ತನ್ನ ಹೆಬ್ಬೆಟ್ಟು ಒತ್ತಿ ತೋರಿಸಿದಳು. ಬಾವಿಗೆ ಕಲ್ಲು ಬಿದ್ದಾಗಿನ ಅಲೆಗಳ ಹಾಗೆ ಸುತ್ತು ಸುತ್ತು ಗೆರೆ. ಪಕ್ಕದಲ್ಲಿ ಪುಕ್ಕಲಿ ಒತ್ತಿದಳು. ಹುಣಸೆಬೀಜದಂಥ ನುಣ್ಣನೆಯ ನೀಲಿ ಬೊಟ್ಟು.

“ಶಾಯಿ ಜಾಸ್ತಿಯಾಯ್ತೇನೋ. ಇನ್ನೊಂದ್ಸಲ.”

ಇನ್ನೊಂದು ಹುಣಸೆಬೀಜ.

ಹುಡುಗಿ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. “ಅಯ್ಯೋ, ಗೆರೆಯೆಲ್ಲ ಸವೆದುಹೋಗಿದೆಯಲ್ಲ ಅಕ್ಕಾ. ಬರಿಗೈಯಲ್ಲಿ ಆಸಿಡ್ ಹಾಕ್ತೀರಾ?”

ಕೊಳೆಯಲ್ಲ. ಹಾಗಾದರೆ ಮೂರು ವರ್ಷದಿಂದ ಮಿಷನ್ ಹೇಳುತ್ತಿದ್ದದ್ದು ಇದನ್ನೇ. ರಟ್ಟಿನ ಮರೆಯಲ್ಲಿ ಚೀಟಿ ಹಿಡಿದು ನಿಂತಳು. ಮೇಸ್ತ್ರಿಗೆ ಗುರುತು ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಹೆದರಿಕೆ ಇಳಿಯಬೇಕಿತ್ತು. ಇಳಿಯಲಿಲ್ಲ. ಕಾರಂಜಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. ಹೊರಟುಹೋದ ಬಸ್ಸು ಕಣ್ಣಮುಂದೆ ಬಂತು. ಕೋಣೆಯ ಮೇಲೆ ಒತ್ತಿ, ಚೀಟಿ ಹಾಕಿ, ನೇರ ಕಕ್ಕಸಿಗೆ ಹೋಗಿ ವಾಂತಿ ಮಾಡಿದಳು. ಯಾರಿಗೂ ಹೇಳಲಿಲ್ಲ.

ನಾಲ್ಕಕ್ಕೆ ಹುಡುಗಿ ಪೆಟ್ಟಿಗೆ ಬಿಚ್ಚಿದಳು. ಮೇಸ್ತ್ರಿ ಫೋನು ಹಿಡಿದು ಬಗ್ಗಿದ. ಗೆರೆಯ ಹೆಬ್ಬೆಟ್ಟು, ಯಾರೋ ಊರವರದ್ದು, ಕಾರಂಜಿ. ಗೆರೆಯದ್ದು, ಕೋಣೆ. ಆಮೇಲೆ ನುಣ್ಣನೆಯದೊಂದು, ಕೋಣೆ. ಅದು ನನ್ನದು ಎಂದುಕೊಂಡಳು ಪುಕ್ಕಲಿ. ಮತ್ತೊಂದು ನುಣ್ಣನೆಯದು, ಕೋಣೆ. ಮತ್ತೊಂದು. ಹನ್ನೊಂದು ಹುಣಸೆಬೀಜ, ಹನ್ನೊಂದೂ ಕೋಣೆಯ ಮೇಲೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೋಣೆಗೆ ಒತ್ತಿದವಳು ತಾನೊಬ್ಬಳೇ ಎಂದು ಪ್ರತಿಯೊಬ್ಬಳೂ ಎಂದುಕೊಂಡಿದ್ದಳು.

“ಇದರಲ್ಲಿ ಯಾರದ್ದು ಯಾವುದು?” ಮೇಸ್ತ್ರಿಯ ದನಿ ಒಡೆಯಿತು.

“ಗೊತ್ತಾಗಲ್ಲ ಸರ್, ಎಲ್ಲಾ ಒಂದೇ ಥರ ಇದೆ,” ಎಂದಳು ಹುಡುಗಿ.

ಅವನು ಹೆಂಗಸರ ಕಡೆ ತಿರುಗಿದ. “ಬೋಳಿಮಕ್ಕಳಾ! ನಾಳೆ ಮಿಷನ್ ತಗೊಂಡ್ರೆ ಒಳಗೆ, ಇಲ್ಲಾಂದ್ರೆ ಮನೆಗೆ. ನಾನು ಪೆನ್ನು ಮುಟ್ಟಲ್ಲ.”

ಮರುದಿನ ಬೆಳಿಗ್ಗೆ ಹನ್ನೊಂದು ಸಲ ಕೆಂಪು ದೀಪ ಬಂತು. ಮೇಸ್ತ್ರಿ ಪೆನ್ನು ಜೇಬಿನಲ್ಲಿಟ್ಟು ಪುಕ್ಕಲಿಯ ಮುಂದೆ ಕೈಚಾಚಿದ.

“ಕೀಲಿ ಕೊಡೇ. ಬೇರೆಯವರನ್ನ ಕರೆಸ್ತೀನಿ.”

ಮೊದಲ ಬಸ್ಸು ಬಂದು ನಿಂತಿತ್ತು. ಇಳಿದವರು ಹೊಟ್ಟೆ ಹಿಡಿದುಕೊಂಡು ಬೀಗ ಹಾಕಿದ್ದ ಕಕ್ಕಸಿನ ಬಾಗಿಲು ಬಡಿಯತೊಡಗಿದರು. ಪುಕ್ಕಲಿಯ ಕೈ ಸೊಂಟಕ್ಕೆ ಹೋಯಿತು, ಕೀಲಿಗೊಂಚಲು ಬಿಚ್ಚಿಕೊಂಡಿತು. ಕೊಟ್ಟೇಬಿಡುತ್ತಾಳೆ ಎಂದುಕೊಂಡ ಅಜ್ಜಿ ಕಣ್ಣು ಮುಚ್ಚಿದಳು.

ಪುಕ್ಕಲಿ ಗೊಂಚಲನ್ನು ಎಡಮುಷ್ಟಿಯಲ್ಲಿ ಬಿಗಿಹಿಡಿದು, ಬಲ ಹೆಬ್ಬೆಟ್ಟನ್ನು ಮತ್ತೆ ಮಿಷನ್ ಮೇಲಿಟ್ಟಳು. ಕೆಂಪು. ಮತ್ತೊಮ್ಮೆ. ಕೆಂಪು. ಕಕ್ಕಸಿನ ಬಾಗಿಲು ಬಡಿಯುವ ಸದ್ದು ಜೋರಾಯಿತು.

“ಬರೀರಿ, ಸ್ವಾಮಿ,” ಎಂದಳು. ಅವನ ಪೆನ್ನು ಜೇಬಿನಲ್ಲೇ ಇತ್ತು. ಇನ್ನೊಮ್ಮೆ ಅಂದಳು:

“ಬರೀರಿ.”